ಕತ್ತರಿಸಿದ ಸ್ಕ್ರೀನ್‌ಶಾಟ್: ಒಂದು ವಾಟ್ಸಾಪ್ ಗ್ರೂಪಿನ ಪ್ರಕರಣ

ಇದು ಹಳೆಯ ಸಹಪಾಠಿಗಳ ಒಂದು ವಾಟ್ಸಾಪ್ ಗ್ರೂಪಿನಲ್ಲಿ ನಡೆದದ್ದು. ಆ ಗ್ರೂಪಿನ ಮೂವರು ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಯಾರ ಹೆಸರನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಾಯಿಸಿದ್ದೇನೆ. ಬರೆದದ್ದನ್ನು ಮೊದಲು ಇದರಲ್ಲಿ ಬರುವವರಿಗೇ ಕಳಿಸಿ ಇಲ್ಲವೇ ಓದಿ ಹೇಳಿ, ಅವರು ಆಗಲಿ ಅಂದ ಮೇಲೆಯೇ ಹೊರಗೆ ಬಿಡುತ್ತಿದ್ದೇನೆ.

ಮುಖ್ಯವಾಗಿ ಮೂವರು ಇದ್ದಾರೆ. ಹಣ ಒಟ್ಟು ಮಾಡುವ ಹೊಣೆ ಹೊತ್ತವಳನ್ನು ಖಜಾಂಚಿ ಅನ್ನುತ್ತೇನೆ. ಅವಳ ಮೇಲೆ ಅನುಮಾನ ಎತ್ತಿದವನು ಶಾಲೆಯಲ್ಲಿ ನಮ್ಮ ಕ್ಲಾಸ್ ಲೀಡರ್ ಆಗಿದ್ದವನು. ಅವನು ಇಲ್ಲೂ ಲೀಡರ್. ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ಇಬ್ಬರಿಗೂ ಬೇಕಾದವಳು. ಅವಳನ್ನು ಗೆಳತಿ ಎಂದೇ ಕರೆಯುತ್ತೇನೆ.

ಹಿನ್ನೆಲೆ

ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಅಟೆಂಡರ್ ಒಬ್ಬರಿದ್ದರು. ನಮಗೆಲ್ಲ ಅವರು ಗಂಟೆ ಅಣ್ಣ. ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿತ್ತು. ಅವರಿಗೆ ಆಪರೇಷನ್ ಆಗಬೇಕು, ಮನೆಯಲ್ಲಿ ಹಣ ಇಲ್ಲ ಅಂತ ಸುದ್ದಿ ಬಂತು. ಗ್ರೂಪಿನಲ್ಲಿ ಯಾರೋ ‘ನಾವೇ ಮಾಡೋಣ’ ಅಂದರು. ಅರ್ಧ ಗಂಟೆಯಲ್ಲಿ ನಲವತ್ತು ಜನ ‘ನಾನೂ ಇದ್ದೀನಿ’ ಅಂದಿದ್ದರು. ಬ್ಯಾಂಕ್ ಖಾತೆ ಯಾರದ್ದು ಅನ್ನುವ ಪ್ರಶ್ನೆ ಬಂದಾಗ ಎಲ್ಲರೂ ಅವಳ ಹೆಸರನ್ನೇ ಹೇಳಿದರು. ಲೆಕ್ಕದಲ್ಲಿ ಅವಳು ಅಚ್ಚುಕಟ್ಟು. ಹನ್ನೆರಡು ದಿನದಲ್ಲಿ ಬೇಕಾದಷ್ಟು ಹಣ ಸೇರಿತು. ಯಾರಿಂದ ಎಷ್ಟು ಬಂತು ಅಂತ ಪ್ರತಿ ರಾತ್ರಿ ಅವಳು ಗ್ರೂಪಿಗೆ ಹಾಕುತ್ತಿದ್ದಳು.

ಆಪರೇಷನ್ ಸೋಮವಾರ ಅಂತ ಗೊತ್ತಾಗಿತ್ತು. ಹಿಂದಿನ ಶುಕ್ರವಾರ ಗಂಟೆ ಅಣ್ಣನಿಗೆ ಜ್ವರ ಬಂತು, ವೈದ್ಯರು ಮುಂದಕ್ಕೆ ಹಾಕಿದರು. ಅದೇ ದಿನ ಅವರ ಹೆಂಡತಿ ಖಜಾಂಚಿಗೆ ಫೋನ್ ಮಾಡಿ ಒಂದು ಮಾತು ಕೇಳಿಕೊಂಡರು. ಹಣ ಈಗಲೇ ಕೊಡಬೇಡಿ, ನಿಮ್ಮ ಹತ್ತಿರವೇ ಇರಲಿ, ಯಾಕೆ ಅಂತ ಯಾರಿಗೂ ಹೇಳಬೇಡಿ ಅಂತ. ಕಾರಣವನ್ನೂ ಹೇಳಿದರು. ಆ ಕಾರಣ ನನಗೆ ಈಗ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ವಿಷಯ. ತಪ್ಪಾದದ್ದೇನೂ ಅಲ್ಲ, ಕಷ್ಟದಲ್ಲಿರುವ ಯಾವ ಮನೆಯಲ್ಲೂ ಬರಬಹುದಾದದ್ದು ಅಷ್ಟೇ.

ಖಜಾಂಚಿ ಇದನ್ನು ಒಬ್ಬರಿಗೆ ಮಾತ್ರ ಹೇಳಿದಳು. ಹಣ ಒಟ್ಟು ಮಾಡುವಾಗ ಜೊತೆಗಿದ್ದ ಗೆಳತಿಗೆ. ಒಂದೇ ಉದ್ದನೆಯ ಮೆಸೇಜ್. ಮೊದಲ ಭಾಗದಲ್ಲಿ ಆಪರೇಷನ್ ಮುಂದಕ್ಕೆ ಹೋದದ್ದು ಮತ್ತು ಆ ಕಾರಣ. ಕೊನೆಯಲ್ಲಿ ಎರಡು ವಾಕ್ಯ: ‘ಸದ್ಯಕ್ಕೆ ಹಣ ನನ್ನ ಅಕೌಂಟಲ್ಲೇ ಇರಲಿ. ಇದನ್ನ ಯಾರಿಗೂ ಹೇಳ್ಬೇಡ.’

ಆ ರಾತ್ರಿ

ಆಮೇಲೆ ಒಂದು ವಾರ ಗ್ರೂಪಿನಲ್ಲಿ ಹಣದ ಮಾತೇ ಇಲ್ಲ. ದಿನವೂ ಲೆಕ್ಕ ಹಾಕುತ್ತಿದ್ದವಳು ಏಕಾಏಕಿ ಸುಮ್ಮನಾದಳು. ಹಣ ಕೊಟ್ಟವರಿಗೆ ಇದು ಕಣ್ಣಿಗೆ ಬೀಳುವುದು ಸಹಜ. ಮುಂದಿನ ಶನಿವಾರ ಸಂಜೆ ಲೀಡರ್ ಗೆಳತಿಗೆ ಮೆಸೇಜ್ ಮಾಡಿ ‘ಗಂಟೆ ಅಣ್ಣಂಗೆ ಹಣ ತಲುಪ್ತಾ?’ ಅಂತ ಕೇಳಿದ.

ಗೆಳತಿಗೆ ಸುಳ್ಳು ಹೇಳಲು ಮನಸ್ಸಿಲ್ಲ, ನಿಜ ಹೇಳುವ ಹಾಗಿಲ್ಲ. ಅವಳು ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಳು. ಗಂಟೆ ಅಣ್ಣನ ಮನೆಯ ವಿಷಯ ಇದ್ದ ಮೇಲಿನ ಭಾಗವನ್ನು ಕ್ರಾಪ್ ಮಾಡಿದಳು. ಕೊನೆಯ ಎರಡು ವಾಕ್ಯ ಉಳಿಸಿ ಲೀಡರ್‌ಗೆ ಕಳಿಸಿದಳು. ‘ಇನ್ನೂ ಇಲ್ಲ, ಅವಳ ಹತ್ರಾನೇ ಇದೆ’ ಅಂತ ತಿಳಿಸುವುದಷ್ಟೇ ಅವಳ ಉದ್ದೇಶ.

ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೆಸೇಜಿನ ಗುಳ್ಳೆಯ ಕೆಳಗಿನ ಮೂಲೆಗಳು ದುಂಡಗಿವೆ. ಮೇಲಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ ನೇರ. ಆ ಅಂಚಿಗೆ ಅಂಟಿಕೊಂಡು ಒಂದೇ ಒಂದು ‘ದ’ ಒತ್ತು ನಿಂತಿದೆ. ಅದರ ಅಕ್ಷರ ಇಲ್ಲ. ಮೇಲಿನ ಸಾಲು ಕತ್ತರಿಯಲ್ಲಿ ಹೋಗಿದೆ, ಸಾಲಿನ ಕೆಳಗೆ ಇಳಿದಿದ್ದ ಒತ್ತು ಮಾತ್ರ ಉಳಿದಿದೆ. ಮೇಲೆ ಇನ್ನೂ ಏನೋ ಇತ್ತು ಅಂತ ಆ ಚಿತ್ರವೇ ಹೇಳುತ್ತಿತ್ತು. ಗ್ರೂಪಿನಲ್ಲಿ ನೂರ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದೆವು, ಎಲ್ಲರೂ ಕನ್ನಡ ಓದಿ ಬೆಳೆದವರು. ಒಬ್ಬರಿಗೂ ಆ ಒತ್ತು ಕಾಣಲಿಲ್ಲ. ನನಗೂ ಕಾಣಲಿಲ್ಲ.

ರಾತ್ರಿ 10.17ಕ್ಕೆ ಲೀಡರ್ ಅದನ್ನು ಗ್ರೂಪಿಗೆ ಹಾಕಿದ. ಕೆಳಗೆ ಬರೆದದ್ದು ಇಷ್ಟು: ‘ಆತ್ಮೀಯರೇ, ಯಾರ ಮೇಲೂ ಆರೋಪ ಮಾಡುತ್ತಿಲ್ಲ. ಇದರ ಅರ್ಥ ಏನು ಅಂತ ದಯವಿಟ್ಟು ನೀವೇ ಹೇಳಿ.’

ಮುಂದಿನ ಎರಡು ಗಂಟೆಯ ಮೆಸೇಜುಗಳನ್ನು ಆಮೇಲೆ ಕೂತು ಒಂದೊಂದಾಗಿ ಓದಿದೆ. ಒಂದರಲ್ಲೂ ಬೈಗುಳ ಇಲ್ಲ. ‘ದಯವಿಟ್ಟು ಸ್ಪಷ್ಟನೆ ಕೊಡಲಿ.’ ‘ನಂಬಿಕೆಯ ಪ್ರಶ್ನೆ ಅಲ್ವಾ?’ ‘ಕಷ್ಟದಲ್ಲಿರುವವರ ಹಣ, ದೇವರು ನೋಡಿಕೊಳ್ಳುತ್ತಾನೆ.’ ‘ನಾನಂತೂ ಏನೂ ಹೇಳಲ್ಲ, ಎಲ್ಲರಿಗೂ ಗೊತ್ತಾಗ್ತಿದೆ.’ ಕೈಮುಗಿದ ಎಮೋಜಿಗಳು. ಎಲ್ಲವೂ ಮರ್ಯಾದೆಯ ಮಾತೇ. ಆ ರಾತ್ರಿ ಒರಟಾಗಿ ಮಾತಾಡಿದ್ದು ಒಬ್ಬನೇ: ‘ಬುದ್ಧಿ ಇದೆಯೇನ್ರೋ ನಿಮ್ಗೆ? ಯಾರಾದ್ರೂ ಅವಳಿಗೆ ಒಂದು ಫೋನ್ ಮಾಡಿದ್ರಾ?’ ಅಂತ. ಅವನಿಗೆ ತಕ್ಷಣ ನಾಲ್ಕು ಜನ ‘ಭಾಷೆ ಸರಿ ಇರಲಿ’ ಎಂದರು. ಅವನು ಸುಮ್ಮನಾದ. ಅವನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಸಾಮಾಜಿಕ ಜಾಲತಾಣದ ಸಭ್ಯತೆ ಅಂದರೆ ಕೆಟ್ಟ ಮಾತು ಆಡದಿರುವುದು ಅಂತ ನಾನೂ ಅಂದುಕೊಂಡಿದ್ದೆ. ಅಡ್ಮಿನ್ ಆಗಿ ನಾನು ಮಾಡಿದ್ದ ನಿಯಮಗಳೂ ಅವೇ. ಆ ರಾತ್ರಿ ನಿಯಮ ಮುರಿದವನು ಒಬ್ಬನೇ, ಸರಿಯಾದ ಮಾತು ಆಡಿದವನೂ ಅವನೊಬ್ಬನೇ. ಉಳಿದವರೆಲ್ಲ ಮೆಲ್ಲನೆಯ ದನಿಯಲ್ಲಿ ಒಬ್ಬಳನ್ನು ಕಳ್ಳಿ ಮಾಡಿದ್ದೆವು, ಅವಳು ಇಲ್ಲದ ಹೊತ್ತಿನಲ್ಲಿ.

ಅವಳು ಅಷ್ಟು ಹೊತ್ತಿಗೆ ಮಲಗಿದ್ದಳು.

ನಾವು ಮಾಡಿದ್ದು

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು 10.30ಕ್ಕೇ ನೋಡಿದ್ದೆ. ಎದೆ ಧಸಕ್ಕೆಂದಿತು. ಬೆಳಿಗ್ಗೆ ನೋಡೋಣ, ಅಷ್ಟರಲ್ಲಿ ತಣ್ಣಗಾಗುತ್ತದೆ ಅಂತ ಫೋನ್ ಪಕ್ಕಕ್ಕಿಟ್ಟೆ. ನನ್ನ ಹೆಸರಿನ ಮುಂದೆ ಬ್ಲೂ ಟಿಕ್ ಬಿದ್ದಿತ್ತು. ಅಡ್ಮಿನ್ ನೋಡಿಯೂ ಮಾತಾಡಲಿಲ್ಲ ಅಂದರೆ ಒಪ್ಪಿದ ಹಾಗೆ ಅಂತ ಕೆಲವರು ತಿಳಿದುಕೊಂಡರು. ಆ ಒಂದು ರಾತ್ರಿಯಲ್ಲಿ ಚಿತ್ರ ಶಾಲೆಯ ಬೇರೆ ಬ್ಯಾಚುಗಳ ಗ್ರೂಪುಗಳಿಗೆ ಹೋಯಿತು, ಅಲ್ಲಿಂದ ಕೆಲವರ ಮನೆಯ ಗ್ರೂಪುಗಳಿಗೂ ಹೋಯಿತು. ‘ಸದ್ಯಕ್ಕೆ ಗ್ರೂಪ್ ನಿಲ್ಲಿಸಿದ್ದೇನೆ, ಅವಳ ಹತ್ತಿರ ಮಾತಾಡುವವರೆಗೆ ಯಾರೂ ಮುಂದುವರಿಸಬೇಡಿ’ ಎಂದು ಒಂದು ಸಾಲು ಬರೆದು, ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಲು ಒಂದು ನಿಮಿಷ ಸಾಕಿತ್ತು. ಆ ಸೌಲಭ್ಯ 2018ರಿಂದಲೇ ಇದೆ.

ಭಾನುವಾರ ಬೆಳಿಗ್ಗೆ ಎದ್ದವನೇ ಎರಡನೇ ತಪ್ಪು ಮಾಡಿದೆ. ಯಾರಿಗೂ ಏನೂ ಹೇಳದೆ ಆ ಪೋಸ್ಟ್ ಡಿಲೀಟ್ ಮಾಡಿದೆ. ಗ್ರೂಪಿನಲ್ಲಿ ಬೇರೆಯವರ ಮೆಸೇಜನ್ನು ಅಡ್ಮಿನ್ ಅಳಿಸಿದರೆ ಅದು ಸುಮ್ಮನೆ ಮಾಯವಾಗುವುದಿಲ್ಲ. ಅಡ್ಮಿನ್ ಅಳಿಸಿದ್ದಾರೆ ಅಂತ ಅಳಿಸಿದವರ ಹೆಸರಿನ ಸಮೇತ ಅದೇ ಜಾಗದಲ್ಲಿ ಉಳಿಯುತ್ತದೆ. ಆಗಲೇ ಬೇರೆ ಕಡೆ ಹೋಗಿರುವ ಪ್ರತಿಗಳಿಗೆ ಏನೂ ಆಗುವುದಿಲ್ಲ. ಈಗ ಎಲ್ಲರಿಗೂ ನನ್ನ ಹೆಸರು ಕಂಡಿತು. ‘ಯಾಕೆ ಮುಚ್ಚಿಡ್ತಿದ್ದೀರಿ?’ ಅಂತ ಒಬ್ಬ ಕೇಳಿದ. ಇನ್ನೊಬ್ಬಳು ತಾನು ಉಳಿಸಿಕೊಂಡಿದ್ದ ಪ್ರತಿಯನ್ನು ಮತ್ತೆ ಹಾಕಿದಳು. ಆಗಲೇ ಗ್ರೂಪ್ ಮುಚ್ಚಿದೆ. ಎಂಟು ಗಂಟೆ ತಡವಾಗಿತ್ತು.

ಆಮೇಲೆ ಖಜಾಂಚಿಗೆ ಫೋನ್ ಮಾಡಿದೆ. ಅವಳು ಆಗಷ್ಟೇ ಎದ್ದು, ಎಲ್ಲ ಓದಿ ಮುಗಿಸಿದ್ದಳು. ಅಳಲಿಲ್ಲ. ‘ನೀನೂ ನಂಬಿದ್ಯಾ?’ ಅಂದಳು. ನಾನು ಇಲ್ಲ ಅಂದೆ. ‘ಮತ್ತೆ ರಾತ್ರಿ ಯಾಕೆ ಫೋನ್ ಮಾಡ್ಲಿಲ್ಲ?’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೂರ್ತಿ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿಬಿಡು, ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತೆ ಅಂದೆ. ಬೇರೆ ಯಾರೇ ಆಗಿದ್ದರೂ ಹಾಕುತ್ತಿದ್ದರು. ಅವಳು ಒಪ್ಪಲಿಲ್ಲ. ‘ಅದು ನನ್ನ ವಿಷಯ ಅಲ್ಲ ಕಣೋ. ಅಕ್ಕ ನನ್ನ ನಂಬಿ ಹೇಳಿದ್ದು. ನನ್ನ ಮರ್ಯಾದೆ ಉಳಿಸಿಕೊಳ್ಳೋಕೆ ಅವರ ಮನೆ ಬಾಗಿಲು ತೆಗೀಲಾ?’ ಅಂದಳು. ತನ್ನ ಮೇಲಿನ ಆರೋಪವನ್ನು ಅಳಿಸುವ ಪುರಾವೆ ಅವಳ ಕೈಯಲ್ಲೇ ಇತ್ತು, ಅವಳು ಅದನ್ನು ಬಳಸಲಿಲ್ಲ. ಪ್ರಾಮಾಣಿಕತೆ ಅಂದಾಗ ಇವತ್ತಿಗೂ ನನಗೆ ನೆನಪಾಗುವುದು ಆ ಫೋನ್ ಕರೆ.

ಅವಳು ಒಂದು ಸಣ್ಣ ಮೆಸೇಜ್ ಕೊಟ್ಟಳು. ನಾನು ಗ್ರೂಪಿಗೆ ಹಾಕಿದೆ: ‘ಹಣ ಪೂರ್ತಿ ಇದೆ. ಯಾರು ಬೇಕಾದರೂ ಬಂದು ನೋಡಬಹುದು. ಯಾಕೆ ತಡ ಅಂತ ಹೇಳುವ ಹಕ್ಕು ನನಗಿಲ್ಲ.’ ಇದು ಕೆಲಸ ಮಾಡಲಿಲ್ಲ. ಖಾಸಗಿಯಾಗಿ ನನಗೆ ಬಂದ ಮೆಸೇಜುಗಳು ಇನ್ನೂ ಜಾಸ್ತಿಯಾದವು. ಹಕ್ಕಿಲ್ಲ ಅಂದರೆ ಏನು ಅಂತ.

ಯಾಕೆ ಕೆಲಸ ಮಾಡಲಿಲ್ಲ ಅಂತ ಆಮೇಲೆ ಓದಿ ತಿಳಿದೆ. ಜಾನ್ಸನ್ ಮತ್ತು ಸೈಫರ್ಟ್ ಎಂಬ ಮನಶ್ಶಾಸ್ತ್ರ ಸಂಶೋಧಕರು 1994ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಒಂದು ಗೋದಾಮಿಗೆ ಬೆಂಕಿ ಬಿದ್ದ ಕತೆಯನ್ನು ಜನರಿಗೆ ಓದಲು ಕೊಟ್ಟು, ನಡುವೆ ಒಂದು ವಿವರ ತಪ್ಪು ಅಂತ ತಿದ್ದಿ ಹೇಳುವುದು. ತಪ್ಪು ಅಂತ ಗೊತ್ತಾದ ಮೇಲೂ ಜನ ಅದೇ ವಿವರದ ಮೇಲೆ ಯೋಚಿಸುತ್ತಿದ್ದರು. ಬೆಂಕಿಗೆ ಬೇರೆ ಕಾರಣ ಕೊಟ್ಟಾಗ ಮಾತ್ರ ಹಳೆಯದರ ಹಿಡಿತ ಸಡಿಲವಾಗುತ್ತಿತ್ತು. ನಮ್ಮ ಗ್ರೂಪಿನಲ್ಲೂ ಅದೇ. ‘ಕದ್ದಿಲ್ಲ’ ಅಂದರೆ ಸಾಲದು. ‘ಮತ್ತೆ ಯಾಕೆ ಕೊಟ್ಟಿಲ್ಲ?’ ಅನ್ನುವ ಜಾಗ ಖಾಲಿ ಇದ್ದಷ್ಟು ಹೊತ್ತು ಅನುಮಾನ ಅಲ್ಲೇ ಕೂತಿರುತ್ತದೆ.

ಮಧ್ಯಾಹ್ನ ಗೆಳತಿ ಫೋನ್ ಮಾಡಿದಳು. ಚಿತ್ರ ಕತ್ತರಿಸಿದ್ದು ತಾನೇ ಅಂತ ಆಗ ಹೇಳಿದಳು. ಅಲ್ಲಿಯವರೆಗೆ ಲೀಡರ್‌ಗೂ ಅದು ಗೊತ್ತಿರಲಿಲ್ಲ, ಅವನು ಅದನ್ನೇ ಪೂರ್ತಿ ಮೆಸೇಜ್ ಅಂದುಕೊಂಡಿದ್ದ. ಗೆಳತಿ ಹೇಳಿದ ಒಂದು ಮಾತು ನನಗೆ ಮರೆಯುವುದಿಲ್ಲ: ‘ಗುಟ್ಟು ಕಾಪಾಡೋಕೆ ಕತ್ತರಿಸಿದ್ದು. ಅದೇ ಅವಳ ಕುತ್ತಿಗೆಗೆ ಬಂತು.’

ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಒಬ್ಬರ ಖಾಸಗಿ ಮೆಸೇಜನ್ನು ಕೇಳದೆ ಮೂರನೆಯವರಿಗೆ ಕೊಟ್ಟದ್ದೇ ಮೊದಲ ಎಡವಟ್ಟು. ಇದೇನೂ ಹೊಸ ಕಾಲದ ಹೊಸ ನೀತಿಯಲ್ಲ. ಫೇಸ್‌ಬುಕ್ ಬಂದದ್ದು 2004ರಲ್ಲಿ, ವಾಟ್ಸಾಪ್ 2009ರಲ್ಲಿ. ಅದಕ್ಕೂ ಮುಂಚೆ, 1995ರ ಅಕ್ಟೋಬರಿನಲ್ಲಿ, ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಆನ್‌ಲೈನ್ ನಡವಳಿಕೆಯ ಬಗ್ಗೆ ಒಂದು ಕಡತ ಹೊರತಂದಿತ್ತು. ಅದರ ಹೆಸರು ಆರ್‌ಎಫ್‌ಸಿ 1855. ನಿಮಗೆ ಖಾಸಗಿಯಾಗಿ ಬಂದದ್ದನ್ನು ಗುಂಪಿಗೆ ಹಾಕುವ ಮೊದಲು ಬರೆದವರ ಒಪ್ಪಿಗೆ ಕೇಳಿ, ಮುಂದಕ್ಕೆ ಕಳಿಸುವಾಗ ಮಾತು ಬದಲಿಸಬೇಡಿ, ಸಿಟ್ಟಿನಲ್ಲಿ ಬರೆದ ಉತ್ತರವನ್ನು ಕಳಿಸುವ ಮುಂಚೆ ಒಂದು ರಾತ್ರಿ ಕಾಯಿರಿ ಅಂತ ಅದರಲ್ಲಿದೆ. ಇಮೇಲ್ ಕಾಲದ ಮಾತುಗಳು ಅವು. ಲೀಡರ್ ಆ ಒಂದು ರಾತ್ರಿ ಕಾದಿದ್ದರೆ ಸಾಕಿತ್ತು. ನಾನು ಮಾತ್ರ ಕಾಯಬಾರದಿತ್ತು. ಸಿಟ್ಟು ಬಂದವನು ಕಾಯಬೇಕು, ನಿಲ್ಲಿಸಬೇಕಾದವನು ಕಾಯಬಾರದು.

ತಿರುವು

ಭಾನುವಾರ ಸಂಜೆ ನಾನು, ಇನ್ನೊಬ್ಬ ಅಡ್ಮಿನ್, ಲೀಡರ್ ಮೂವರೂ ಖಜಾಂಚಿಯ ಮನೆಗೆ ಹೋದೆವು. ಲೀಡರ್ ಬರಲು ಹಿಂಜರಿದ, ಆದರೂ ಬಂದ. ಬ್ಯಾಂಕಿನ ಸ್ಟೇಟ್‌ಮೆಂಟ್ ಅವಳು ಮೇಜಿನ ಮೇಲಿಟ್ಟಳು. ಒಟ್ಟು ಮಾಡಿದ ಹಣವನ್ನು ಅವಳು ಮೊದಲ ದಿನದಿಂದಲೇ ಪ್ರತ್ಯೇಕ ಖಾತೆಯಲ್ಲಿ ಇಟ್ಟಿದ್ದಳು. ಆ ಖಾತೆಯಿಂದ ಏನೂ ಹೊರಗೆ ಹೋಗಿರಲಿಲ್ಲ.

ಲೀಡರ್ ಮೊದಲು ಹೇಳಿದ್ದು ‘ನಂಗೆ ಮೊದಲೇ ಹೇಳಬಾರದಿತ್ತಾ?’ ಅಂತ. ಖಜಾಂಚಿ ‘ನೀನು ಕೇಳಬಾರದಿತ್ತಾ? ನನ್ನ ನಂಬರ್ ನಿನ್ನ ಹತ್ರ ಇರಲಿಲ್ವಾ?’ ಅಂದಳು. ಅವನು ತಲೆ ತಗ್ಗಿಸಿದ. ಆಮೇಲೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

ಅವನು ಕೇಳಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಣ ಕೊಟ್ಟವರು ಲೆಕ್ಕ ಕೇಳಬೇಕು, ಗ್ರೂಪಿನಲ್ಲೇ ಕೇಳಿದರೂ ತಪ್ಪಿಲ್ಲ. ‘ಹಣ ಯಾವಾಗ ತಲುಪುತ್ತೆ?’ ಅಂತ ಅವಳ ಹೆಸರು ಹಿಡಿದು ಅಲ್ಲೇ ಕೇಳಿದ್ದರೆ ಅದು ನೇರವಾದ ಪ್ರಶ್ನೆ. ಉತ್ತರ ಕೊಡುವವರು ಯಾರು ಅಂತ ಆ ಪ್ರಶ್ನೆಗೆ ಗೊತ್ತಿರುತ್ತದೆ. ‘ಇದರ ಅರ್ಥ ಏನು, ನೀವೇ ಹೇಳಿ’ ಅಂತ ನೂರಾರು ಜನರನ್ನು ಕೇಳಿದ್ದು ಪ್ರಶ್ನೆಯ ವೇಷದ ತೀರ್ಪು. ಉತ್ತರ ಗೊತ್ತಿದ್ದ ಒಬ್ಬಳನ್ನು ಬಿಟ್ಟು ಬೇರೆ ಎಲ್ಲರನ್ನೂ ಕೇಳಿದಂತಾಯಿತು.

ಖಜಾಂಚಿಯ ಕಡೆಯಿಂದಲೂ ಒಂದು ಕೊರತೆ ಇತ್ತು. ಇದನ್ನು ಅವಳೇ ಹೇಳಿದಳು, ಬರೆಯಲೂ ಹೇಳಿದ್ದಾಳೆ. ಕಾರಣ ಹೇಳುವ ಹಾಗಿರಲಿಲ್ಲ, ಸರಿ. ‘ಹಣ ಇನ್ನೂ ಕೊಟ್ಟಿಲ್ಲ, ಒಂದು ಕಾರಣ ಇದೆ, ಹೇಳಲಾಗದು, ಖಾತೆ ನೋಡಬೇಕಾದವರು ನೋಡಬಹುದು’ ಅಂತ ಶುಕ್ರವಾರವೇ ಬರೆಯಬಹುದಿತ್ತು. ಅದೇ ಮಾತು ಆರೋಪ ಬರುವ ಮುಂಚೆ ಬಂದಿದ್ದರೆ ಮಾಹಿತಿ, ಆರೋಪದ ನಂತರ ಬಂದರೆ ನೆಪದ ಹಾಗೆ ಕೇಳಿಸುತ್ತದೆ.

ಮುಂದೆ ಏನು ಮಾಡುವುದು ಅಂತ ಯೋಚಿಸುವಾಗ ಇನ್ನೊಬ್ಬ ಅಡ್ಮಿನ್ ಒಂದು ದಾರಿ ಹೇಳಿದಳು. ಗಂಟೆ ಅಣ್ಣನ ಹೆಂಡತಿಯನ್ನೇ ಕೇಳೋಣ, ಎಷ್ಟು ಹೇಳಬಹುದು ಅಂತ. ಖಜಾಂಚಿ ಅಲ್ಲೇ ಫೋನ್ ಮಾಡಿದಳು. ತನ್ನ ಮೇಲೆ ಬಂದ ಆರೋಪದ ಬಗ್ಗೆ ಒಂದಕ್ಷರವನ್ನೂ ಹೇಳಲಿಲ್ಲ. ‘ಅಕ್ಕ, ಹುಡುಗರೆಲ್ಲ ಕೇಳ್ತಿದ್ದಾರೆ, ಆಪರೇಷನ್ ಮುಂದಕ್ಕೆ ಹೋಗಿದೆ ಅಂತ ಮಾತ್ರ ಹೇಳ್ಲಾ?’ ಅಂದಳು. ಅವರು ‘ಅಷ್ಟು ಹೇಳಮ್ಮ, ಪರವಾಗಿಲ್ಲ’ ಅಂದರು.

ಆ ಒಂದು ಸಾಲು ಸಾಕಾಯಿತು. ಜ್ವರ ಬಂದು ಆಪರೇಷನ್ ಮುಂದಕ್ಕೆ ಹೋಗಿದೆ, ಹಣ ಪೂರ್ತಿ ಇರುವುದನ್ನು ನಾವು ಮೂವರು ಕಣ್ಣಾರೆ ನೋಡಿದ್ದೇವೆ ಅಂತ ಮೂವರ ಹೆಸರಿನಲ್ಲಿ ಗ್ರೂಪಿಗೆ ಹಾಕಿದೆವು. ಖಾಲಿ ಇದ್ದ ಜಾಗ ತುಂಬಿತು. ಮತ್ತೆ ತೆರೆದ ಗ್ರೂಪ್ ತಣ್ಣಗಾಯಿತು. ಎಷ್ಟು ಹೇಳಬಹುದು ಅನ್ನುವುದನ್ನು ನಾವು ಊಹಿಸಲಿಲ್ಲ, ಕತ್ತರಿಸಲಿಲ್ಲ, ಆ ವಿಷಯ ಯಾರದ್ದೋ ಅವರನ್ನೇ ಕೇಳಿದೆವು. ಇಡೀ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಎರಡು ಕ್ಷಮೆ

ಸೋಮವಾರ ಬೆಳಿಗ್ಗೆ ಲೀಡರ್ ಗ್ರೂಪಿನಲ್ಲಿ ಬರೆದ: ‘ನನ್ನ ಪೋಸ್ಟಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ. ಎಲ್ಲರ ಹಿತಕ್ಕಾಗಿ ಕೇಳಿದ್ದೆ.’ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ‘ದೊಡ್ಡ ಗುಣ’ ಅಂತ ಒಬ್ಬರು.

ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲಿ ಒಂದು ಸೂಚನೆ ಕಂಡಿತು. ಖಜಾಂಚಿ ಗ್ರೂಪ್ ಬಿಟ್ಟಿದ್ದಳು. 2022ರಿಂದ ಯಾರಾದರೂ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ. ಉಳಿದವರೆಲ್ಲ ವಿಷಯ ಮುಗಿಯಿತು ಅಂದುಕೊಂಡು ಬೇರೆ ಮಾತಿಗೆ ಹೋಗಿದ್ದರು. ಅವಳು ಅಲ್ಲಿಲ್ಲ ಅಂತ ಎಷ್ಟೋ ಜನಕ್ಕೆ ತಿಂಗಳಾದರೂ ಗೊತ್ತಿರಲಿಲ್ಲ.

ನಾನು ಲೀಡರ್‌ಗೆ ಫೋನ್ ಮಾಡಿ ಹೇಳಿದೆ. ಅವನು ‘ಕ್ಷಮೆ ಕೇಳಿದ್ನಲ್ಲ’ ಅಂದ. ಅವನ ಮೆಸೇಜನ್ನೇ ಅವನಿಗೆ ಓದಿ ಹೇಳಿದೆ. ‘ನೋವಾಗಿದ್ದರೆ’ ಅಂದರೆ ಆಗಿದೆಯೋ ಇಲ್ಲವೋ ಗೊತ್ತಿಲ್ಲ ಅಂತ. ‘ಯಾರ ಮನಸ್ಸಿಗಾದರೂ’ ಅಂದರೆ ಯಾರು ಅಂತ ಗೊತ್ತಿಲ್ಲ ಅಂತ. ಏನು ತಪ್ಪು ಮಾಡಿದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಅವನು ಸುಮ್ಮನೆ ಕೇಳಿಸಿಕೊಂಡ. ಮೂರು ದಿನ ಮಾತಿಲ್ಲ. ಗುರುವಾರ ಇದನ್ನು ಬರೆದ. ಅವನ ಒಪ್ಪಿಗೆಯಿಂದಲೇ ಪೂರ್ತಿ ಕೊಡುತ್ತಿದ್ದೇನೆ, ಅವಳ ಹೆಸರಿದ್ದ ಕಡೆ ಮಾತ್ರ ಬದಲಿಸಿದ್ದೇನೆ:

‘ಕಳೆದ ಶನಿವಾರ ರಾತ್ರಿ ನಾನು ಒಂದು ಸ್ಕ್ರೀನ್‌ಶಾಟ್ ಹಾಕಿದೆ. ಅದು ಪೂರ್ತಿ ಮೆಸೇಜ್ ಆಗಿರಲಿಲ್ಲ. ಪೂರ್ತಿ ಹೌದಾ ಅಂತ ನಾನು ನೋಡಲಿಲ್ಲ. ಖಜಾಂಚಿಯನ್ನು ಒಂದು ಮಾತು ಕೇಳಲಿಲ್ಲ. ಆರೋಪ ಮಾಡುತ್ತಿಲ್ಲ ಅಂತ ಬರೆದು ಆರೋಪವನ್ನೇ ಮಾಡಿದೆ. ಅವಳು ಒಂದು ಪೈಸೆಯನ್ನೂ ಮುಟ್ಟಿಲ್ಲ, ಖಾತೆಯನ್ನು ನಾನೇ ನೋಡಿದ್ದೇನೆ. ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಈಗ ನಿಮ್ಮೆಲ್ಲರ ಮುಂದೆ ಕೇಳುತ್ತಿದ್ದೇನೆ, ಯಾಕಂದ್ರೆ ಅವಮಾನ ಮಾಡಿದ್ದು ನಿಮ್ಮೆಲ್ಲರ ಮುಂದೆ. ಆ ಚಿತ್ರವನ್ನು ಬೇರೆ ಕಡೆ ಕಳಿಸಿದವರು ದಯವಿಟ್ಟು ನನಗೆ ಖಾಸಗಿಯಾಗಿ ತಿಳಿಸಿ. ಯಾರಿಗೆ ಹೋಗಿದೆಯೋ ಅವರಿಗೆಲ್ಲ ಇದನ್ನು ನಾನೇ ಹೇಳುತ್ತೇನೆ.’

ಇದಕ್ಕೆ ಹೆಬ್ಬೆರಳುಗಳು ಕಡಿಮೆ ಬಂದವು. ಒಂಬತ್ತು ಜನ ಖಾಸಗಿಯಾಗಿ ‘ನಾನು ಕಳಿಸಿದ್ದೆ’ ಅಂತ ಒಪ್ಪಿಕೊಂಡರು.

ಪ್ರತಿಗಳ ಬೆನ್ನು ಹತ್ತಿ

ಲೀಡರ್ ಆ ಒಂಬತ್ತು ಜನರ ಜೊತೆ ಕೂತು ಪಟ್ಟಿ ಮಾಡಿದ. ಎಲ್ಲಿಗೆ ಹೋಗಿತ್ತೋ ಆ ಪ್ರತಿ ಗ್ರೂಪಿಗೂ, ಕಳಿಸಿದವರ ಮೂಲಕವೇ, ತಿದ್ದುಪಡಿ ಕಳಿಸಿದ. ಎರಡು ವಾರ ಹಿಡಿಯಿತು. ಕೆಲವು ಕಡೆ ‘ಸರಿ’ ಅಂದರು. ಕೆಲವು ಕಡೆ ‘ಯಾವ ವಿಷಯ ಇದು?’ ಅಂತ ಕೇಳಿದರು, ಆಗ ಆರೋಪವನ್ನು ಮತ್ತೆ ವಿವರಿಸಬೇಕಾಯಿತು. ಇನ್ನು ಕೆಲವು ಕಡೆ ಉತ್ತರವೇ ಇಲ್ಲ. ಆರೋಪ ಹೋದ ದೂರಕ್ಕೆಲ್ಲ ತಿದ್ದುಪಡಿ ಹೋಗಲಿಲ್ಲ.

ನಮ್ಮ ಗ್ರೂಪಿನಲ್ಲಿ ಮಾತ್ರ ಹೀಗೆ ಅಲ್ಲ. ವೊಸೂಘಿ, ರಾಯ್, ಅರಾಲ್ ಎಂಬ ಮೂವರು ಸಂಶೋಧಕರ ಅಧ್ಯಯನ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ ಸುಮಾರು 1,26,000 ಸುದ್ದಿಗಳನ್ನು ಅವರು ನೋಡಿದ್ದರು. ನಿಜಕ್ಕಿಂತ ಸುಳ್ಳು ರೀಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಜಾಸ್ತಿ ಇತ್ತು. ಅದಕ್ಕೆ ಮುಖ್ಯ ಕಾರಣ ಯಂತ್ರದ ಬಾಟ್‌ಗಳಲ್ಲ, ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಜಾಸ್ತಿ, ಹೊಸದನ್ನು ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಶನಿವಾರ ರಾತ್ರಿ ನಮ್ಮವರಿಗೆ ಇದ್ದದ್ದೂ ಅದೇ ಆಸೆ.

ವಾಟ್ಸಾಪ್ 2018ರಲ್ಲಿ ‘ಫಾರ್ವರ್ಡ್’ ಗುರುತು ತಂದಿತು. 2020ರ ಏಪ್ರಿಲ್‌ನಿಂದ, ತುಂಬ ಸಲ ಕೈ ಬದಲಾದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಒಳ್ಳೆಯದೇ. ಆದರೆ ಚಿತ್ರವನ್ನು ಫೋನಿಗೆ ಇಳಿಸಿಕೊಂಡು ಹೊಸದಾಗಿ ಹಾಕಿದರೆ ಆ ಗುರುತು ಬರುವುದಿಲ್ಲ, ಹಾಕಿದವರದ್ದೇ ಅನ್ನುವ ಹಾಗೆ ಕಾಣುತ್ತದೆ. ಲೀಡರ್ ಹಾಕಿದ್ದೂ ಹಾಗೇ. ಮೊದಲು ಕತ್ತರಿಸಿದವರು ಯಾರು ಅಂತ ಕೇಳುವ ಗುರುತೇ ಅಲ್ಲಿ ಇರಲಿಲ್ಲ.

ನಾಲ್ಕು ತಿಂಗಳ ನಂತರ ಆ ಚಿತ್ರ ಮತ್ತೆ ಕಂಡಿತು. ನಮಗೆ ಸಂಬಂಧವೇ ಇಲ್ಲದ ಒಂದು ಗ್ರೂಪಿನಲ್ಲಿ, ತುಂಬ ಸಲ ಕೈ ಬದಲಾಗಿದೆ ಅಂತ ತೋರಿಸುವ ಎರಡು ಬಾಣದ ಗುರುತಿನೊಂದಿಗೆ, ‘ಸಹಾಯದ ಹೆಸರಲ್ಲಿ ಮೋಸ, ಎಚ್ಚರ’ ಅನ್ನುವ ತಲೆಬರಹ ಹೊತ್ತು. ಖಜಾಂಚಿಯ ಹೆಸರು ಅದರಲ್ಲಿ ಇರಲಿಲ್ಲ, ಪುಣ್ಯ. ಆ ‘ದ’ ಒತ್ತು ಮಾತ್ರ ಹಾಗೇ ಇತ್ತು.

ಏನಾಯಿತು, ಏನು ಬದಲಾಯಿತು

ಆಪರೇಷನ್ ಆಯಿತು. ಹಣವನ್ನು ಖಜಾಂಚಿ ನೇರವಾಗಿ ಆಸ್ಪತ್ರೆಗೆ ಕಟ್ಟಿದಳು. ಗ್ರೂಪ್ ಬಿಟ್ಟಿದ್ದರೂ ರಸೀದಿಗಳನ್ನು ನನಗೆ ಕಳಿಸಿ, ಗ್ರೂಪಿಗೆ ಹಾಕು ಅಂದಳು. ಕಳಿಸುವ ಮೊದಲು ಗಂಟೆ ಅಣ್ಣನ ಹೆಸರು, ನಂಬರು, ಕಾಯಿಲೆಯ ವಿವರ ಇದ್ದ ಕಡೆಗಳಲ್ಲಿ ಕಪ್ಪು ಚೌಕ ಇಟ್ಟಿದ್ದಳು. ಮಾರ್ಕರ್‌ನಿಂದ ಗೀಚಬಾರದು, ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಅಡಿಯ ಅಕ್ಷರ ಕಾಣುವುದುಂಟು, ತುಂಬಿದ ಚೌಕವೇ ಇಡಬೇಕು ಅಂತ ನನಗೂ ಹೇಳಿಕೊಟ್ಟಳು. ಅದೂ ಕತ್ತರಿಸುವ ಕೆಲಸವೇ. ಇಲ್ಲಿ ಏನೋ ತೆಗೆದಿದ್ದೇನೆ ಅಂತ ಆ ಕಪ್ಪು ಚೌಕ ಎಲ್ಲರಿಗೂ ತೋರಿಸುತ್ತದೆ. ಗೆಳತಿಯ ಸ್ಕ್ರೀನ್‌ಶಾಟಿನಲ್ಲಿ ಅದು ಇರಲಿಲ್ಲ. ಆ ರಾತ್ರಿ ಅವಳು ಮೇಲಿನ ಭಾಗವನ್ನು ಕತ್ತರಿಸದೆ, ಕಪ್ಪು ಬಳಿದು ಕಳಿಸಿದ್ದರೂ ಲೀಡರ್ ‘ಇದರಲ್ಲಿ ಏನಿತ್ತು?’ ಅಂತ ಕೇಳುತ್ತಿದ್ದ. ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಗ್ರೂಪಿನ ನಿಯಮ ಬದಲಾಯಿಸಿದೆವು. ‘ಕೆಟ್ಟ ಭಾಷೆ ಬೇಡ’ ಅನ್ನುವುದು ಇನ್ನೂ ಇದೆ, ಆದರೆ ಅದು ಈಗ ಮೊದಲನೆಯದಲ್ಲ. ಮೊದಲನೆಯದು, ಒಬ್ಬರ ಬಗ್ಗೆ ಏನೇ ಹಾಕುವ ಮೊದಲು ಅವರನ್ನು ಕೇಳಿರಬೇಕು, ಕೇಳಿದೆ ಅಂತ ಬರೆಯಬೇಕು. ಬೇರೆಯವರ ಖಾಸಗಿ ಮಾತಿನ ಸ್ಕ್ರೀನ್‌ಶಾಟ್ ಅವರ ಒಪ್ಪಿಗೆ ಇಲ್ಲದೆ ಬೇಡ. ಹಣದ ವಿಷಯ ಇಬ್ಬರ ಹೆಸರಿನಲ್ಲಿ ಇರಬೇಕು, ಹೇಳಲು ಏನೂ ಇಲ್ಲದ ವಾರವೂ ‘ಹೇಳಲು ಏನೂ ಇಲ್ಲ’ ಅಂತ ಹಾಕಬೇಕು. ಅಡ್ಮಿನ್ ಏನಾದರೂ ಡಿಲೀಟ್ ಮಾಡಿದರೆ ಕಾರಣವನ್ನು ಅಲ್ಲೇ ಬರೆಯಬೇಕು. ಈ ಕೊನೆಯದು ನನಗಾಗಿ ಹಾಕಿದ್ದು.

ಆ ರಾತ್ರಿ ಒರಟಾಗಿ ಮಾತಾಡಿದವನನ್ನು ನಾಲ್ಕನೇ ಅಡ್ಮಿನ್ ಮಾಡಿದೆವು.

ಗೆಳತಿ ಮತ್ತು ಖಜಾಂಚಿ ಈಗ ಮಾತಾಡುತ್ತಾರೆ. ಲೀಡರ್ ಅವಳ ಮನೆಗೆ ಇನ್ನೆರಡು ಸಲ ಹೋಗಿ ಬಂದಿದ್ದಾನೆ. ಇವರಿಬ್ಬರ ನಡುವೆ ಎಷ್ಟು ಸರಿಹೋಗಿದೆ ಅಂತ ನಾನು ಕೇಳಿಲ್ಲ.

ಗ್ರೂಪಿನ ಲಿಂಕನ್ನು ಖಜಾಂಚಿಗೆ ಮೂರು ಸಲ ಕಳಿಸಿದೆ. ಮೊದಲೆರಡು ಸಲ ಬರೀ ಬ್ಲೂ ಟಿಕ್. ಮೂರನೇ ಸಲ ಉತ್ತರ ಬಂತು: ‘ಸದ್ಯಕ್ಕೆ ಬೇಡ ಕಣೋ. ಏನಾದ್ರೂ ಇದ್ರೆ ಫೋನ್ ಮಾಡು.’ ಈಗ ಭಾನುವಾರ ಬೆಳಿಗ್ಗೆ ಮಾಡುತ್ತೇನೆ. ಈ ಬರಹದ ಕರಡನ್ನೂ ಅವಳಿಗೆ ಫೋನಿನಲ್ಲೇ ಓದಿ ಹೇಳಿದೆ. ಪೂರ್ತಿ ಕೇಳಿ, ಒಂದು ವಾಕ್ಯ ತೆಗೆಸಿದಳು. ಗಂಟೆ ಅಣ್ಣನ ಮನೆಯ ಬಗ್ಗೆ ನಾನು ಗೊತ್ತಿಲ್ಲದೆ ಜಾಸ್ತಿ ಹೇಳಿಬಿಟ್ಟಿದ್ದ ವಾಕ್ಯ ಅದು.